ಅರಿವಳಿಕೆಯಲ್ಲಿ ನಾಡಿಯೊಂದನ್ನೇ ನಂಬಬಾರದು

ಒಸಡು ಗುಲಾಬಿ ಬಣ್ಣದಲ್ಲಿದೆ, ನಾಡಿ ಸಮವಾಗಿದೆ; ಆದರೂ ಮೇಜಿನ ಮೇಲೆ ಮಲಗಿರುವ ಮುಧೋಳ ನಾಯಿಯ ರಕ್ತದೊತ್ತಡ ಕುಸಿದಿರಬಹುದು. ಬಾಗಲಕೋಟೆ ಜಿಲ್ಲೆಯ ಕಿರಿಯ ಪಶುವೈದ್ಯರಿಗೆ ನಾನು ಮೊದಲು ಹೇಳುವ ಮಾತು ಇದೇ.

ಕತ್ತಿನ ಅಪಧಮನಿಯಲ್ಲಿ, ಹೃದಯದಿಂದ ಹೊರಡುವ ಮಹಾಪಧಮನಿಯ ಬಾಗಿನಲ್ಲಿ ಒತ್ತಡವನ್ನು ಅಳೆಯುವ ನರತುದಿಗಳಿವೆ. ಒತ್ತಡ ಇಳಿದೊಡನೆ ಮೆದುಳಿನ ಬುಡಕ್ಕೆ ಸುದ್ದಿ ಮುಟ್ಟುತ್ತದೆ. ಹೃದಯ ಚುರುಕಾಗುತ್ತದೆ, ರಕ್ತನಾಳಗಳು ಬಿಗಿಯುತ್ತವೆ. ಉಸಿರಿನ ಮೂಲಕ ಕೊಡುವ ಅರಿವಳಿಕೆ ಐಸೋಫ್ಲುರೇನ್ ರಕ್ತನಾಳಗಳನ್ನು ಸಡಿಲಿಸುವುದಲ್ಲದೆ ಈ ಪ್ರತಿಕ್ರಿಯೆಯನ್ನೂ ಮಂಕಾಗಿಸುತ್ತದೆ. ಪ್ರಮಾಣ ಹೆಚ್ಚಿದಷ್ಟೂ ಮಂಕು ಹೆಚ್ಚು. ರಕ್ತನಾಳಕ್ಕೆ ಚುಚ್ಚುವ ಅರಿವಳಿಕೆ ಪ್ರೊಪೊಫಾಲ್ ಕೊಟ್ಟಾಗಲೂ ಒತ್ತಡ ಇಳಿದಷ್ಟಕ್ಕೆ ತಕ್ಕಂತೆ ನಾಡಿ ಏರುವುದಿಲ್ಲ. ಹೀಗಾಗಿ ಒತ್ತಡವನ್ನು ಅಳೆದೇ ತಿಳಿಯಬೇಕು. ಸರಾಸರಿ ಒತ್ತಡ 60 ಮಿಲಿಮೀಟರ್ ಪಾದರಸಕ್ಕಿಂತ ಕೆಳಗಿಳಿದರೆ ಮೂತ್ರಪಿಂಡಕ್ಕೆ ಅಪಾಯ. ಆಗ ನಾನು ಮೊದಲು ಅರಿವಳಿಕೆಯ ಪ್ರಮಾಣ ತಗ್ಗಿಸುತ್ತೇನೆ, ಸಲೈನ್ ಆಮೇಲೆ.

ಕೊಂಬಿನ ಕ್ಯಾನ್ಸರ್ ಆದ ಖಿಲಾರಿ ಎತ್ತಿಗೆ ಮಂಪರು ಬರಿಸಲು ಕೊಡುವ ಝೈಲಜಿನ್‌ನ ರೀತಿಯೇ ಬೇರೆ. ದನಗಳಿಗೆ ಕುದುರೆಯ ಪ್ರಮಾಣದ ಸುಮಾರು ಹತ್ತನೇ ಒಂದು ಭಾಗ ಸಾಕು. ಈ ಔಷಧಿ ಮೊದಲು ರಕ್ತನಾಳಗಳನ್ನು ಬಿಗಿಸುತ್ತದೆ, ಒತ್ತಡ ಏರುತ್ತದೆ. ನರತುದಿಗಳು ಅದನ್ನು ಗ್ರಹಿಸುವುದರಿಂದ ಹೃದಯ ನಿಧಾನವಾಗುತ್ತದೆ. ಮೆದುಳಿನಿಂದ ಹೊರಡುವ ಪ್ರಚೋದನೆ ಕುಗ್ಗಿದ ಮೇಲೆ ಒತ್ತಡವೂ ಇಳಿಯುತ್ತದೆ. ಮೊದಲ ಹಂತದ ನಿಧಾನ ನಾಡಿ ಕಂಡು ಗಾಬರಿಯಿಂದ, ನಾಡಿ ಏರಿಸುವ ಅಟ್ರೋಪಿನ್ ಚುಚ್ಚಿದರೆ, ಬಿಗಿದ ರಕ್ತನಾಳಗಳೆದುರು ಹೃದಯ ಇನ್ನಷ್ಟು ದುಡಿಯಬೇಕಾಗುತ್ತದೆ. ಕರುಳಿನ ಚಲನೆ ತಗ್ಗಿ ಹೊಟ್ಟೆಯುಬ್ಬರದ ಅಪಾಯವೂ ಇದೆ. ಈ ಅವಸರ ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ.

ಅರಿವಳಿಕೆಯ ಇನ್ನೊಂದು ಔಷಧಿಯಾದ ಕೆಟಮಿನ್ ಸಾಮಾನ್ಯವಾಗಿ ಒತ್ತಡವನ್ನು ಎತ್ತಿಹಿಡಿಯುತ್ತದೆ. ಆದರೆ ಕಾಯಿಲೆಯಿಂದ ಬಳಲಿ ನರಮಂಡಲದ ಕಸುವೆಲ್ಲ ಮುಗಿದಿರುವ ಪ್ರಾಣಿಯಲ್ಲಿ ಆ ಭರವಸೆ ಬೇಡ.

ಮಾಲೀಕರಿಗೂ ಒಂದು ಮಾತು. ಏಪ್ರಿಲ್, ಮೇ ಬಿಸಿಲಿನಲ್ಲಿ ವಾಂತಿ, ಭೇದಿಯಾಗಿ ನೀರಿನಂಶ ಕಳೆದುಕೊಂಡ ನಾಯಿಯೂ ರಕ್ತನಾಳಗಳನ್ನು ಬಿಗಿಹಿಡಿದು ಒತ್ತಡವನ್ನು ಸರಿಯಾಗಿಯೇ ತೋರಿಸುತ್ತದೆ. ಅರಿವಳಿಕೆ ಆ ಬಿಗಿಯನ್ನು ಕಳಚಿದ ಕ್ಷಣ ಒತ್ತಡ ಪಾತಾಳಕ್ಕಿಳಿಯುತ್ತದೆ. ಆದ್ದರಿಂದ ಹಿಂದಿನ ಎರಡು ದಿನ ನಾಯಿ ಎಷ್ಟು ನೀರು ಕುಡಿಯಿತು, ವಾಂತಿ ಮಾಡಿತೇ ಎಂಬುದನ್ನು ನಾವು ಕೇಳುವ ಮೊದಲೇ ಹೇಳಿ. ಊಟ ಬಿಡಿಸಿ ಎಂದರೆ ರಾತ್ರಿಯಿಡೀ ನೀರನ್ನೂ ಬಿಡಿಸಿ ಎಂದು ತಿಳಿಯಬೇಡಿ. ನೀರಿನ ತಟ್ಟೆಯನ್ನು ಯಾವಾಗ ತೆಗೆಯಬೇಕೆಂದು ನಿಮ್ಮ ವೈದ್ಯರನ್ನು ಕೇಳಿಕೊಳ್ಳಿ.