ಬೋಲ್ಟ್ ಹಾಲ್: ಲಾ ಸ್ಕೂಲಿನ ಗೋಡೆಯಿಂದ ಇಳಿದ ಹೆಸರು

ದಾವಣಗೆರೆಯಲ್ಲಿ ಎಲ್ಲರ ಬಾಯಲ್ಲೂ ಅದು ಆರ್.ಎಲ್. ಲಾ ಕಾಲೇಜು. ರಾಜನಹಳ್ಳಿ ಲಕ್ಷ್ಮಣ ಶೆಟ್ಟಿ ಎಂಬ ಪೂರ್ಣ ಹೆಸರು ಕಿವಿಗೆ ಬೀಳುವುದು ಅಪರೂಪ. ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾ ಸ್ಕೂಲಿನಲ್ಲೂ ಹೀಗೇ ಆಗಿತ್ತು. ಅಲ್ಲಿ ಕಾನೂನು ಓದಿದವರು ‘ನಾವು ಬೋಲ್ಟ್‌ನವರು’ ಎಂದು ಹೆಮ್ಮೆಪಡುತ್ತಿದ್ದರು. ಆ ಬೋಲ್ಟ್ ಯಾರು ಎಂದು ವಿಚಾರಿಸಿದವರು ಕಡಿಮೆ.

ಜಾನ್ ಹೆನ್ರಿ ಬೋಲ್ಟ್ ಓಕ್ಲೆಂಡಿನ ವಕೀಲ. ಬರ್ಕ್ಲಿಯಲ್ಲಿ ಓದಿದವನೂ ಅಲ್ಲ, ಪಾಠ ಹೇಳಿದವನೂ ಅಲ್ಲ. 1901ರಲ್ಲಿ ಆತ ತೀರಿಕೊಂಡ ಮೇಲೆ ಪತ್ನಿ ಎಲಿಜಬೆತ್ ಗಂಡನ ನೆನಪಿಗೆಂದು ಆಸ್ತಿ ದಾನ ಕೊಟ್ಟರು, ವಕೀಲರೂ ಹಣ ಕೂಡಿಸಿದರು. 1911ರಲ್ಲಿ ಲಾ ಸ್ಕೂಲಿನ ಕಟ್ಟಡ ಬೋಲ್ಟ್ ಹಾಲ್ ಎದ್ದಿತು.

ಯಾರೂ ತೆಗೆದು ನೋಡದೆ ಉಳಿದದ್ದು 1877ರ ಒಂದು ಭಾಷಣ. ಚೀನೀಯರು ಬಿಳಿಯರೊಂದಿಗೆ ಎಂದೂ ಬೆರೆಯಲಾರರು, ಅವರು ಬರುವುದನ್ನೇ ನಿಲ್ಲಿಸಬೇಕು ಎಂದು ಬೋಲ್ಟ್ ಅದರಲ್ಲಿ ವಾದಿಸಿದ್ದ. ಸಿಯೆರ್ರಾ ಬೆಟ್ಟಗಳನ್ನು ಕೊರೆದು ರೈಲು ಹಳಿ ಹಾಕಿದವರು ಇದೇ ಚೀನೀ ಕೂಲಿಗಳು. ಆ ಕೆಲಸ ಮುಗಿದು ಆಗಿನ್ನೂ ಎಂಟು ವರ್ಷ. ಭಾಷಣ ಅಚ್ಚಾಗಿ ಹರಡಿತು. 1879ರಲ್ಲಿ ಕ್ಯಾಲಿಫೋರ್ನಿಯಾ ಜನರ ಮತ ಕೇಳಿದಾಗ ಚೀನೀ ವಲಸೆಯ ವಿರುದ್ಧ ಒಂದೂವರೆ ಲಕ್ಷಕ್ಕೂ ಹೆಚ್ಚು ಮತ ಬಿದ್ದವು, ಪರವಾಗಿ ಸಾವಿರವೂ ಇಲ್ಲ. 1882ರಲ್ಲಿ ಅಮೆರಿಕದ ಸಂಸತ್ತು ಚೀನೀ ಕೂಲಿಗಳಿಗೆ ಬಾಗಿಲು ಮುಚ್ಚಿತು. ಆ ನಿಷೇಧ ರದ್ದಾದದ್ದು 1943ರಲ್ಲಿ.

ಇದು ದೂರದವರ ಕಥೆ ಎಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ಅಮೆರಿಕದ 1917ರ ವಲಸೆ ಕಾನೂನು ಅದೇ ಬೇಲಿಯನ್ನು ಭಾರತದವರೆಗೂ ಎಳೆಯಿತು. 1923ರಲ್ಲಿ, ಅಮೆರಿಕದ ಪೌರತ್ವ ಕೇಳಿದ್ದ ಪಂಜಾಬಿನ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ, ಭಾರತೀಯರು ‘ಬಿಳಿಯರಲ್ಲ’, ಆದ್ದರಿಂದ ಪೌರತ್ವ ಇಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು.

2017ರಲ್ಲಿ ಬರ್ಕ್ಲಿಯ ಲಾ ಸ್ಕೂಲಿನಲ್ಲೇ ಪಾಠ ಹೇಳುತ್ತಿದ್ದ ವಕೀಲ ಚಾರ್ಲ್ಸ್ ರೈಕ್‌ಮನ್ ಹಳೆಯ ಭಾಷಣವನ್ನು ಹೊರಗೆಳೆದರು. ಡೀನ್ ಅರ್ವಿನ್ ಚೆಮರಿನ್‌ಸ್ಕಿ, ಬೋಲ್ಟ್ ಹೆಸರು ಉಳಿಯಬೇಕೇ ಎಂದು ನೋಡಲು ಸಮಿತಿ ನೇಮಿಸಿದರು. ಹಳೆಯ ವಿದ್ಯಾರ್ಥಿಗಳಲ್ಲಿ ಎರಡು ಪಕ್ಷವಾಯಿತು. ವಿಧವೆಯೊಬ್ಬರು ಮನಸಾರೆ ಕೊಟ್ಟ ದಾನಕ್ಕೆ ಇದು ದ್ರೋಹವಲ್ಲವೇ ಎಂಬ ಪ್ರಶ್ನೆ ನನ್ನನ್ನೂ ಕಾಡುತ್ತದೆ. ಆದರೆ ಅವರ ಹಣದಲ್ಲಿ ಎದ್ದದ್ದು 1911ರ ಕಟ್ಟಡ. 1951ರಲ್ಲಿ ಲಾ ಸ್ಕೂಲ್ ಬೇರೆ ಜಾಗಕ್ಕೆ ಹೋದಾಗ ಹೆಸರನ್ನು ಜೊತೆಗೆ ಒಯ್ದದ್ದು ವಿಶ್ವವಿದ್ಯಾಲಯ. ಸಾರ್ವಜನಿಕ ಬದುಕಿನಲ್ಲಿ ಬೋಲ್ಟ್ ಬಿಟ್ಟುಹೋದ ದೊಡ್ಡ ಗುರುತು ಆ ಭಾಷಣವೇ ಆಗಿರುವಾಗ, ಚೀನೀ ಮೂಲದ ವಿದ್ಯಾರ್ಥಿನಿ ದಿನವೂ ಅದೇ ಹೆಸರಿನಡಿ ನಡೆದು ತರಗತಿಗೆ ಹೋಗಬೇಕು ಎನ್ನುವುದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ. 2020ರ ಜನವರಿ 30ರಂದು ಅಕ್ಷರಗಳನ್ನು ಗೋಡೆಯಿಂದ ಕಿತ್ತರು.