ಸೇರಿಸಿ, ಮುಂದೆ ಕಳಿಸಿ

ಕಳೆದ ಮಾಗಿಯಲ್ಲಿ ಅಂಚೆಯವರು ಜಗಲಿ ಮೇಲೆ ಒಂದು ದಪ್ಪ ಲಕೋಟೆ ಇಟ್ಟು ಹೋದರು. ಒಡೆಯುವ ಮೊದಲೇ ವಾಸನೆಯಿಂದ ಗೊತ್ತಾಯಿತು, ನಮ್ಮ ಪುಸ್ತಕ ಬಂದಿದೆ ಎಂದು. ಬೂಷ್ಟು, ಹಳೆಯ ಅಡಿಕೆ ಚೊಗರು, ಕರ್ಪೂರ, ಮೂರೂ ಕಲಸಿದ ವಾಸನೆ. ಆರು ಜನ ಗೆಳೆಯರು ಸೇರಿ ಹೊಲಿದಿದ್ದ 48 ಪುಟದ ಜರ್ನಲ್ ಅದು. ಸಾಗರದಿಂದ ಹೊರಟು ಹೊಸನಗರ, ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಸುತ್ತಿ ಶಿವಮೊಗ್ಗ ತಲುಪಬೇಕಿತ್ತು. ಒಬ್ಬೊಬ್ಬರ ಕೈಯಲ್ಲಿ ಹದಿನೈದು ದಿನ, ಒಬ್ಬೊಬ್ಬರಿಗೆ ಎಂಟು ಪುಟ ಎಂದು ಲೆಕ್ಕ ಹಾಕಿದ್ದೆವು. ನಾಲ್ಕನೆಯ ಕೈ ಸೇರಿದ ಮೇಲೆ ಮೂರು ಮಳೆಗಾಲ ಅದರ ಸುದ್ದಿಯೇ ಇರಲಿಲ್ಲ.

ಅಂಚೆಯಲ್ಲಿ ಕಲೆ ಕಳಿಸುವ ಈ ರೂಢಿಗೆ ಮೇಲ್ ಆರ್ಟ್ ಎಂದು ಹೆಸರು. ಕೈಯಾರೆ ಮಾಡಿದ ಕಾರ್ಡು, ಬಣ್ಣ ಬಳಿದ ಲಕೋಟೆ, ಕತ್ತರಿಸಿ ಅಂಟಿಸಿದ ಚಿತ್ರ, ಯಾವುದಾದರೂ ಸರಿ. ಕೊಳ್ಳುವುದಿಲ್ಲ, ಮಾರುವುದಿಲ್ಲ. ಜರ್ನಲ್ ಸುತ್ತುವುದು ಇದರದೇ ಒಂದು ಕವಲು: ಒಬ್ಬರು ಕೆಲವು ಪುಟ ತುಂಬಿಸಿ ಕಳಿಸುತ್ತಾರೆ, ಸಿಕ್ಕವರು ತಮ್ಮ ಪುಟ ಸೇರಿಸಿ ಮುಂದಿನವರಿಗೆ ಕಳಿಸುತ್ತಾರೆ. ಹೇಳುವುದಕ್ಕೆ ಇಷ್ಟೇ. ಆದರೆ ಇಂಥ ಪುಸ್ತಕಗಳು ನಡುದಾರಿಯಲ್ಲಿ ನಿಂತುಬಿಡುವುದು ಇವತ್ತಿನ ತಾಪತ್ರಯವೇನಲ್ಲ. ಮೇಲ್ ಆರ್ಟ್‌ನ ಹಿಂದಿನ ದಾರಿಯನ್ನು ನೋಡುತ್ತ ಹೋದರೆ, ಕಳೆದುಹೋಗುವ ಭಯಕ್ಕೆ ಒಬ್ಬೊಬ್ಬರು ಒಂದೊಂದು ಉತ್ತರ ಕಂಡುಕೊಂಡಿದ್ದು ಕಾಣುತ್ತದೆ.

ಮೊದಲ ಹೆಸರು ಅಮೆರಿಕದ ರೇ ಜಾನ್ಸನ್ (1927–1995) ಅವರದ್ದು. ಕೊಲಾಜ್, ಅಂದರೆ ಕತ್ತರಿಸಿ ಅಂಟಿಸುವ ಚಿತ್ರ, ಮಾಡುತ್ತಿದ್ದ ಕಲಾವಿದ. 1950ರ ದಶಕದಿಂದಲೇ ತಮ್ಮ ಕೆಲಸವನ್ನು ಗ್ಯಾಲರಿಯ ಗೋಡೆಗೆ ಏರಿಸುವ ಬದಲು ಲಕೋಟೆಗೆ ತುಂಬಿ ಸ್ನೇಹಿತರಿಗೆ, ಪರಿಚಯವೇ ಇಲ್ಲದವರಿಗೆ ಕಳಿಸತೊಡಗಿದರು. ಮೊಲದ ತಲೆಯಂಥ ಒಂದು ಮುಖ ಬರೆದು, ಕೆಳಗೆ ‘ಇದಕ್ಕೆ ಏನಾದರೂ ಸೇರಿಸಿ ವಾಪಸ್ ಕಳಿಸಿ’ ಎಂದೋ, ‘ಇಂಥವರಿಗೆ ಮುಂದೆ ಕಳಿಸಿ’ ಎಂದೋ ಬರೆಯುತ್ತಿದ್ದರು. ಈ ಬಳಗಕ್ಕೆ 1962ರಲ್ಲಿ ಗೆಳೆಯ ಎಡ್ ಪ್ಲಂಕೆಟ್ ‘ನ್ಯೂಯಾರ್ಕ್ ಕರೆಸ್ಪಾಂಡೆನ್ಸ್ ಸ್ಕೂಲ್’ ಎಂದು ಹೆಸರಿಟ್ಟರು. ಜಾನ್ಸನ್ ಅದರ ಕಾಗುಣಿತದಲ್ಲಿ ಒಂದಕ್ಷರ ಬದಲಿಸಿ, ಪತ್ರವ್ಯವಹಾರ ಎಂಬ ಪದದ ಬಾಲದಲ್ಲಿ ‘ಡ್ಯಾನ್ಸ್’ ಕುಣಿಯುವಂತೆ ಮಾಡಿದರು. 1970ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಈ ಬಳಗದ ಪ್ರದರ್ಶನ ಏರ್ಪಡಿಸಿತು. ಜನ ಅಂಚೆಯಲ್ಲಿ ಕಳಿಸಿದ್ದೇ ಅಲ್ಲಿನ ಪ್ರದರ್ಶನ.

ಕಳಿಸಿದ್ದು ಹೋದರೆ ಹೋಗಲಿ ಎಂಬುದು ಜಾನ್ಸನ್ ಅವರ ಮನೋಭಾವ. ಆಮೇಲಿನವರು ಅದನ್ನು ನಿಯಮದ ಮಟ್ಟಕ್ಕೆ ತಂದರು. ಮೇಲ್ ಆರ್ಟ್ ಪ್ರದರ್ಶನಕ್ಕೆ ಪ್ರವೇಶ ಶುಲ್ಕ ಇರಬಾರದು, ಆಯ್ಕೆ ಸಮಿತಿ ಇರಬಾರದು, ಬಂದದ್ದನ್ನೆಲ್ಲ ತೂಗುಹಾಕಬೇಕು, ಯಾವುದನ್ನೂ ವಾಪಸ್ ಕೊಡಬೇಕಿಲ್ಲ, ಆದರೆ ಭಾಗವಹಿಸಿದ ಪ್ರತಿಯೊಬ್ಬರಿಗೂ ಎಲ್ಲರ ಹೆಸರಿರುವ ಪಟ್ಟಿ ಕಳಿಸಬೇಕು. ಇದರಲ್ಲಿ ನನಗೆ ತೀರ ಹಿಡಿಸಿದ್ದು ಆ ಕೊನೆಯ ಮಾತು. ಚಿತ್ರ ಹೋದರೂ ಯಾರು ಯಾರು ಸೇರಿದ್ದರು ಎಂಬ ಲೆಕ್ಕ ಉಳಿಯುತ್ತದೆ.

ಇನ್ನೊಂದು ಉತ್ತರ ಬಿಡಿ ಹಾಳೆಗಳದ್ದು. 1970ರಲ್ಲಿ ರಿಚರ್ಡ್ ಕಾಸ್ಟಲಾನೆಟ್ಜ್ ‘ಅಸೆಂಬ್ಲಿಂಗ್’ ಎಂಬ ಸಂಚಿಕೆ ಶುರುಮಾಡಿದರು. ಬರೆಯುವವರೇ ತಮ್ಮ ಪುಟದ ಸಾವಿರ ಪ್ರತಿ ಮಾಡಿಸಿ ಕಳಿಸಬೇಕು, ಅವನ್ನು ಜೋಡಿಸಿ ಬೈಂಡ್ ಮಾಡುವುದಷ್ಟೇ ಸಂಪಾದಕರ ಕೆಲಸ. 1977ರಲ್ಲಿ ಪೋಲೆಂಡಿನ ಪಾವೆಲ್ ಪೆಟಾಸ್ ‘ಕಾಮನ್‌ಪ್ರೆಸ್’ ಎಂಬ ಪತ್ರಿಕೆ ತೆಗೆದು, ಒಂದೊಂದು ಸಂಚಿಕೆಯ ಹೊಣೆಯನ್ನು ಒಂದೊಂದು ಊರಿನವರಿಗೆ ವಹಿಸಿದರು. ಒಬ್ಬರ ಪುಟ ದಾರಿಯಲ್ಲಿ ಹೋದರೆ ಹೋಗುವುದು ಒಂದು ಪುಟ ಮಾತ್ರ, ಇಡೀ ಪುಸ್ತಕ ಅಲ್ಲ.

ಸೆನ್ಸಾರ್ ಇದ್ದ ದೇಶಗಳಲ್ಲಿ ಈ ಲಕೋಟೆಗಳಿಗೆ ಬೇರೆಯದೇ ತೂಕವಿತ್ತು. ಪೂರ್ವ ಜರ್ಮನಿಯಲ್ಲಿ ಗುಪ್ತ ಪೊಲೀಸರು ಮೇಲ್ ಆರ್ಟ್ ಮಾಡುವವರ ಮೇಲೆ ಕಣ್ಣಿಟ್ಟಿದ್ದರು. ಉರುಗ್ವೆಯ ಸೇನಾ ಆಡಳಿತ 1977ರಲ್ಲಿ ಕ್ಲೆಮೆಂಟೆ ಪದೀನ್ ಮತ್ತು ಹೋರ್ಹೆ ಕರಬಾಯೊ ಎಂಬ ಇಬ್ಬರು ಮೇಲ್ ಆರ್ಟ್ ಕಲಾವಿದರನ್ನು ಜೈಲಿಗೆ ಹಾಕಿತು. ಅವರ ಬಿಡುಗಡೆಗೆ ದೇಶದೇಶಗಳಿಂದ ಒತ್ತಾಯಿಸಿದವರು ಅಂಚೆಯಲ್ಲೇ ಸ್ನೇಹಿತರಾಗಿದ್ದ ಇತರ ಕಲಾವಿದರು. ಪೋಸ್ಟ್‌ಕಾರ್ಡಿನ ಮೇಲೆ ಚಿತ್ರ ಬರೆಯುವುದು ಹೊತ್ತು ಕಳೆಯುವ ಕೆಲಸ ಎಂದು ಯಾರಾದರೂ ಅಂದಾಗ ನನಗೆ ಈ ಇಬ್ಬರ ನೆನಪಾಗುತ್ತದೆ.

ಆಮೇಲಿನದು ಸಾಮಾನ್ಯ ಜನರ ಕಾಲ. 1997ರಲ್ಲಿ ಜೂರಿಕ್‌ನ ವಾಂಚಿ ಸ್ಟಿರ್ನೆಮಾನ್ ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದದ ಕಾರ್ಡುಗಳ ವಿನಿಮಯ ಆರಂಭಿಸಿದರು. ಇಸ್ಪೀಟು ಎಲೆಯಷ್ಟು ಜಾಗದಲ್ಲಿ ಏನು ಬೇಕಾದರೂ ಮಾಡಿ, ಮಾರುವಂತಿಲ್ಲ, ಕೊಟ್ಟು ತೆಗೆದುಕೊಳ್ಳಬೇಕು. 2000ದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕಲಾವಿದರೊಬ್ಬರು ಸಾವಿರ ಖಾಲಿ ಜರ್ನಲ್‌ಗಳನ್ನು ಜಗತ್ತಿಗೆ ಬಿಟ್ಟರು, ತುಂಬಿಸಿ ಮುಂದೆ ಸಾಗಿಸಿ ಎಂದು. ಬಹುಪಾಲು ಮರಳಲಿಲ್ಲ. 2005ರಲ್ಲಿ ಪೋರ್ಚುಗಲ್‌ನಲ್ಲಿ ಶುರುವಾದ ಪೋಸ್ಟ್‌ಕ್ರಾಸಿಂಗ್ ಎಂಬ ಪೋಸ್ಟ್‌ಕಾರ್ಡ್ ವಿನಿಮಯ ತಾಣ ಒಂದು ಚಂದದ ಕಟ್ಟುಪಾಡು ತಂದಿತು: ನೀವು ಕಳಿಸಿದ ಕಾರ್ಡು ಯಾರಿಗೋ ತಲುಪಿದ ಮೇಲೇ ಇನ್ಯಾರೋ ನಿಮಗೊಂದು ಕಳಿಸುತ್ತಾರೆ. ಪಡೆದವರಿಂದಲೇ ವಾಪಸ್ ಬರುವುದಿಲ್ಲ. ನಮ್ಮಲ್ಲಿ ಮುಯ್ಯಾಳು ಎನ್ನುತ್ತಾರಲ್ಲ, ಇವತ್ತು ನಾನು ನಿಮ್ಮ ಗದ್ದೆಗೆ, ನಾಳೆ ನೀವು ನನ್ನ ಗದ್ದೆಗೆ. ಇಲ್ಲಿ ಮುಯ್ಯಿ ತೀರಿಸಲು ಬರುವ ಆಳು ಬೇರೆ, ಅಷ್ಟೇ.

ಹಾಗಾದರೆ ಇದು ಹೊರಗಿನಿಂದ ಬಂದದ್ದೇ? ಹೆಸರು ಹೊರಗಿನದು. ಉಳಿದದ್ದು ನಮ್ಮಲ್ಲೂ ಇತ್ತು ಎಂದು ನಾನು ನಂಬುತ್ತೇನೆ.

ಅಂಚೆ ಎಂಬ ಪದವನ್ನೇ ನೋಡಿ. 17ನೇ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಮೈಸೂರು ಅಂಚೆ ಹುಟ್ಟಿತು. ಆಗ ನಮ್ಮ ಸೀಮೆ ಕೆಳದಿ ಅರಸರದ್ದು. 1763ರಲ್ಲಿ ಹೈದರಾಲಿ ಅವರ ರಾಜಧಾನಿ ಬಿದನೂರು ಹಿಡಿದ ಮೇಲೆ ಮಲೆನಾಡು ಮೈಸೂರಿನ ತೆಕ್ಕೆಗೆ ಬಂತು. 1889ರಲ್ಲಿ ಮೈಸೂರು ಅಂಚೆ ಬ್ರಿಟಿಷ್ ಅಂಚೆಯೊಳಗೆ ಸೇರಿಹೋಯಿತು, ಆದರೆ ಹೆಸರು ನಮ್ಮ ಬಾಯಲ್ಲೇ ಉಳಿಯಿತು. ಅದಕ್ಕೂ ಹತ್ತು ವರ್ಷ ಮೊದಲು, 1879ರ ಜುಲೈ 1ರಂದು, ಕಾಲಾಣೆಯ ಪೋಸ್ಟ್‌ಕಾರ್ಡು ಭಾರತಕ್ಕೆ ಬಂದಿತ್ತು.

ಆ ಕಾರ್ಡಿನ ಮೇಲೆ ನಮ್ಮ ಜನ ಮಾಡಿದ್ದೇನು? ಶುಭ ಸಮಾಚಾರವಾದರೆ ನಾಲ್ಕು ಮೂಲೆಗೆ ಅರಿಶಿನ ಹಚ್ಚಿದರು. ಸಾವಿನ ಸುದ್ದಿಯಾದರೆ ಕಪ್ಪು ಶಾಯಿಯಲ್ಲೇ ಬರೆದರು, ಬಂದ ಕಾರ್ಡನ್ನು ಓದಿದ ಕೂಡಲೇ ಹರಿದು ಹಾಕಿದರು, ಒಳಮನೆಗೆ ತರಲಿಲ್ಲ. ಅಕ್ಷರ ಬಾರದ ಅಜ್ಜಿಗೂ ದೂರದಿಂದ ಬಣ್ಣ ನೋಡಿಯೇ ಗೊತ್ತಾಗುತ್ತಿತ್ತು, ಅಡುಗೆಗೆ ಬೆಲ್ಲ ತೆಗೆಯಬೇಕೋ, ತಲೆಗೆ ನೀರು ಹಾಕಿಕೊಳ್ಳಬೇಕೋ ಎಂದು. ಬಣ್ಣದಲ್ಲೇ ಸಮಾಚಾರ ಹೇಳುವ ಪತ್ರ ಇದಕ್ಕಿಂತ ಬೇರೆ ಎಲ್ಲಿದೆ?

1950ರ ಅಕ್ಟೋಬರ್ 2ರಂದು ಇನ್‌ಲ್ಯಾಂಡ್ ಲೆಟರ್ ಬಂತು. ಕೂಡಿ ಬರೆಯುವ ಪುಟ ಎಂದರೆ ನನ್ನ ಮನಸ್ಸಿನಲ್ಲಿರುವುದು ಆ ನೀಲಿ ಕಾಗದವೇ. ಒಳಗೆ ಏನನ್ನೂ ಇಡುವ ಹಾಗಿಲ್ಲ, ಇರುವುದು ಅಷ್ಟೇ ಜಾಗ, ಬರೆಯುವವರು ಮನೆ ತುಂಬ. ಅಪ್ಪ ‘ಉಭಯ ಕುಶಲೋಪರಿ ಸಾಂಪ್ರತ’ ಎಂದು ಶುರುಮಾಡಿ ಅಡಿಕೆ ಧಾರಣೆ, ಮಳೆ, ಕೊಳೆರೋಗ ಬರೆದು ಮುಗಿಸುತ್ತಿದ್ದರು. ಉಳಿದ ಕಾಲು ಭಾಗದಲ್ಲಿ ಅಮ್ಮ ಹೇಳಿದ್ದನ್ನು ಅಕ್ಕ ಬರೆಯುತ್ತಿದ್ದಳು. ಅಕ್ಕನಿಗೆ ತನ್ನದೂ ಹೇಳುವುದಿರುತ್ತಿತ್ತು, ಅದು ಅಂಚಿನಲ್ಲಿ ಅಡ್ಡಲಾಗಿ ಏರುತ್ತಿತ್ತು. ಕೊನೆಗೆ ಅಂಟು ಹಚ್ಚುವ ಮಡಿಕೆಯ ಮೇಲೆ ಬೆರಳಷ್ಟು ಜಾಗ ನನಗೆ. ಅಲ್ಲಿ ಒಂದು ಕರುವನ್ನೋ ಗಿಳಿಯನ್ನೋ ಬರೆಯುತ್ತಿದ್ದೆ. ಪತ್ರ ಒಡೆಯುವಾಗ ಅತ್ತೆ ಅವಸರ ಮಾಡಿದರೆ ಕರುವಿನ ಕಾಲು ಹರಿದುಹೋಗುತ್ತಿತ್ತು. ಜೋಪಾನವಾಗಿ ಒಡೆಯಿರಿ ಎಂದು ಹೊರಗೆ ಬರೆಯಲು ಶುರುಮಾಡಿದ್ದು ಆಮೇಲೆ.

ಗೋಡೆಯ ಮೇಲೂ ಇದೇ ಪದ್ಧತಿ. ಸಾಗರ, ಸೊರಬ, ಹೊಸನಗರದ ಕಡೆ ದೀವರ ಸಮುದಾಯದ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಗೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಹಸೆ ಚಿತ್ತಾರ ಬರೆಯುತ್ತಾರೆ. ಕುಂಚ ಪುಂಡಿ ನಾರಿನದು, ಕಪ್ಪು ಬಣ್ಣ ಸುಟ್ಟ ಅಕ್ಕಿಯದು, ಹಳದಿ ಗುರಿಗೆ ಕಾಯಿಯದು. ಭೂಮಿ ಹುಣ್ಣಿಮೆಗೆ ಬುಟ್ಟಿಗೆ ಕೆಮ್ಮಣ್ಣು ಬಳಿದು ಅದರ ಮೇಲೂ ಚಿತ್ತಾರ ಬರೆದು, ಗದ್ದೆಗೆ ಚೆಲ್ಲುವ ಚರಗದ ಅಡುಗೆ ತುಂಬಿಕೊಂಡು ಗದ್ದೆಗೆ ಹೊರುತ್ತಾರೆ. ಒಬ್ಬರು ಎಳೆ ಎಳೆದರೆ ಇನ್ನೊಬ್ಬರು ತುಂಬುತ್ತಾರೆ, ಪಕ್ಕದಲ್ಲಿ ಹಾಡು ನಡೆದಿರುತ್ತದೆ. ಚಿತ್ರದ ಕೆಳಗೆ ಯಾರೂ ರುಜು ಹಾಕುವುದಿಲ್ಲ. ನಮ್ಮ ಜರ್ನಲ್‌ನ ಮೊದಲ ಎಂಟು ಪುಟ ಬರೆದದ್ದು ಅಂಥದೇ ಕೈ, ಸಾಗರದ ಗೆಳತಿಯ ಅಜ್ಜಿಯದ್ದು. ಮುಂದಿನವರಿಗೆಲ್ಲ ಕೈ ನಡುಗಿದ್ದು ಆ ಪುಟಗಳನ್ನು ನೋಡಿಯೇ.

ಮಲೆನಾಡಿನಲ್ಲಿ ಈ ಕೆಲಸ ಮಾಡುವವರಿಗೆ ಮಳೆಯೇ ದೊಡ್ಡ ಸವಾಲು. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟುತ್ತದೆ. ಆರಿದ್ರಾ ಮಳೆ ಹಿಡಿಯಿತೆಂದರೆ ಲಕೋಟೆಯ ಗೋಂದು ತಾನಾಗಿ ಅಂಟಿಕೊಳ್ಳುತ್ತದೆ, ಸ್ಟ್ಯಾಂಪುಗಳು ಒಂದಕ್ಕೊಂದು ಹಿಡಿದುಕೊಳ್ಳುತ್ತವೆ, ನೀರಿನ ಬಣ್ಣ ವಾರವಾದರೂ ಒಣಗುವುದಿಲ್ಲ. ಹಾಗಾಗಿ ಇಲ್ಲಿನ ಉಪಾಯಗಳೂ ಇಲ್ಲಿನವೇ. ವಿಳಾಸದ ಮೇಲೆ ಮೇಣದಬತ್ತಿ ಉಜ್ಜಿದರೆ ಶಾಯಿ ಬೇಗ ಕದಡುವುದಿಲ್ಲ. ಒಣಗದ ಪುಟವನ್ನು ಒಲೆಯ ಮೇಲಿನ ಹೊಗೆ ಅಟ್ಟದಲ್ಲಿಟ್ಟರೆ ಎರಡು ದಿನಕ್ಕೆ ಗರಿಗರಿ, ತುಸು ಹಳದಿ ತಿರುಗುತ್ತದೆ. ಅಡಿಕೆ ಬೇಯಿಸಿ ಉಳಿದ ಚೊಗರು ಒಳ್ಳೆಯ ಕಂದುಗೆಂಪು ಶಾಯಿ. ತೆಳ್ಳಗೆ ಎಳೆದರೆ ಚಹಾ ಬಣ್ಣ, ಎರಡು ಸಲ ಎಳೆದರೆ ಹೆಪ್ಪುಗಟ್ಟಿದ ರಕ್ತದ ಬಣ್ಣ. ಆದರೆ ತೆಳು ಹಾಳೆಯಾದರೆ ಹಿಂದಿನ ಪುಟಕ್ಕೂ ಇಳಿಯುತ್ತದೆ, ಎಚ್ಚರ.

ಮೈದಾ ಗೋಂದು ಜಿರಲೆಗೆ ಹಬ್ಬದೂಟ. ಹಳೆಯ ಬೈಂಡಿಂಗ್‌ನವರು ಅದಕ್ಕೆ ಚಿಟಿಕೆ ಮೈಲುತುತ್ತ ಸೇರಿಸುತ್ತಿದ್ದರು. ಅಡಿಕೆ ತೋಟದವರ ಮನೆಯಲ್ಲಿ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆಂದು ತಂದ ತುತ್ತ ಹೇಗೂ ಇರುತ್ತದೆ. ವಿಷದ ವಸ್ತು, ಮಕ್ಕಳ ಕೈಗೆ ಸಿಗಬಾರದು, ಅನ್ನದ ಪಾತ್ರೆಯಲ್ಲಿ ಕಲಸಬಾರದು. ನಮ್ಮ ಪುಸ್ತಕದ ಬೆನ್ನಿಗೆ ಹಚ್ಚಿದ್ದು ಆ ಗೋಂದು. ಮೂರು ಮಳೆಗಾಲ ಕಳೆದರೂ ಬೆನ್ನು ಬಿಟ್ಟಿಲ್ಲ.

ಇನ್ನು ಅಂಚೆಯ ಮಾತು. ಪೋಸ್ಟ್‌ಕಾರ್ಡು ಈಗಲೂ 50 ಪೈಸೆ, ಇದೊಂದು ದೊಡ್ಡ ಉಪಕಾರ. ಆದರೆ ದಪ್ಪ ಪೊಟ್ಟಣ ಕಳಿಸುವವರ ದಾರಿ ಕಿರಿದಾಗುತ್ತಿದೆ. ಮುದ್ರಿತ ಪುಸ್ತಕಗಳಿಗೆ ರಿಯಾಯಿತಿ ಕೊಡುತ್ತಿದ್ದ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರ್‌ನಲ್ಲಿ ನಿಂತಿತು. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟ್‌ನಲ್ಲಿ ಲೀನವಾಯಿತು. ನಾಲ್ಕು ಶತಮಾನ ಪತ್ರ ಹಂಚಿದ ಡೆನ್ಮಾರ್ಕಿನ ಅಂಚೆ 2025ರ ಕೊನೆಗೆ ಪತ್ರ ಹಂಚುವುದನ್ನೇ ಬಿಟ್ಟಿತು. ಅದನ್ನು ಓದಿದ ದಿನ ನನಗೆ ನಿಜವಾಗಿ ಸಂಕಟವಾಯಿತು. ನಮ್ಮ ಹಳ್ಳಿಯ ಶಾಖಾ ಅಂಚೆ ಕಚೇರಿ ಎಂದರೆ ಒಂದು ಕೋಣೆ, ಒಂದು ತಕ್ಕಡಿ, ಒಂದು ಸೀಲು. ಚಿತ್ರ ಬರೆದ ಲಕೋಟೆ ಕೊಟ್ಟರೆ, ಎಲ್ಲಿ ಸೀಲು ಹೊಡೆಯಲಿ ಎಂದು ಅಲ್ಲಿನವರು ಕೇಳುತ್ತಾರೆ. ತೋರಿಸಿದ ಜಾಗದಲ್ಲಿ ನೀಟಾಗಿ ಒತ್ತುತ್ತಾರೆ. ಊರಿನ ಹೆಸರು, ತಾರೀಕು ಇರುವ ಆ ದುಂಡು ಗುರುತೂ ಚಿತ್ರದ ಒಂದು ಭಾಗವೇ. ಅದನ್ನು ನಾವು ಮನೆಯಲ್ಲಿ ಕೂತು ಮಾಡಿಕೊಳ್ಳಲು ಬರುವುದಿಲ್ಲ.

ಪುಸ್ತಕ ನಾಪತ್ತೆಯಾದಾಗ ನಾವು ಬೈದದ್ದು ಅಂಚೆಯನ್ನೇ. ತಪ್ಪು ಅಂಚೆಯದ್ದಾಗಿರಲಿಲ್ಲ. ಅದು ಕೊಪ್ಪದ ಗೆಳೆಯರೊಬ್ಬರ ಕಪಾಟಿನಲ್ಲಿ, ಸೀರೆಗಳ ನಡುವೆ, ಕರ್ಪೂರದ ಬಿಲ್ಲೆಗಳ ಜೊತೆ ಭದ್ರವಾಗಿತ್ತು. ಲಕೋಟೆಯೊಳಗೆ ಅವರದೊಂದು ಚೀಟಿ: ಅಜ್ಜಿಯ ಎಳೆ ನೋಡಿದ ಮೇಲೆ ನಾನೇನು ಬರೆಯಲಿ ಎಂದು ಕೈ ಬರಲಿಲ್ಲ, ಇವತ್ತು ನಾಳೆ ಎಂದು ತಳ್ಳಿದೆ, ಆಮೇಲೆ ಕಳಿಸಲಿಕ್ಕೇ ನಾಚಿಕೆಯಾಯಿತು. ಓದಿ ಸಿಟ್ಟೆಲ್ಲ ಇಳಿಯಿತು. ಸಾವಿರ ಜರ್ನಲ್‌ಗಳಲ್ಲಿ ಎಷ್ಟು ಹೀಗೇ ಯಾವ ಯಾವ ಊರಿನ ಕಪಾಟಿನಲ್ಲಿ ಕೂತಿವೆಯೋ ಎನ್ನಿಸಿತು.

ಅಜ್ಜಿ ಈಗಿಲ್ಲ. ಅವರ ಪುಟಗಳಲ್ಲಿ ಬಿಳಿ ಎಳೆಯ ಪಕ್ಕದಲ್ಲೇ ಬಿಳಿ ಬೂಷ್ಟು ಹಿಡಿದಿತ್ತು, ಯಾವುದು ಯಾವುದೆಂದು ಬೆಳಕಿಗೆ ಓರೆಯಾಗಿ ಹಿಡಿದು ನೋಡಬೇಕು. ಎರಡು ದಿನ ಎಳೆಬಿಸಿಲಲ್ಲಿ ತೆರೆದಿಟ್ಟು, ಮೆತ್ತನೆಯ ಬಟ್ಟೆಯಲ್ಲಿ ಬೂಷ್ಟನ್ನಷ್ಟೇ ಒರೆಸಿದೆ. ಕೊಪ್ಪದವರ ಎಂಟು ಪುಟ ಖಾಲಿ. ಮೊದಲ ಪುಟದಲ್ಲಿ ಮಾತ್ರ ಪೆನ್ಸಿಲ್ಲಿನ ಒಂದು ಗೆರೆ ಎಳೆದು ಅಳಿಸಿದ ಗುರುತಿದೆ. ಅದನ್ನು ಹಾಗೇ ಬಿಟ್ಟೆ.

ಕೊನೆಯ ಪುಟದ ದಾರಿಪಟ್ಟಿಯಲ್ಲಿ ಕೊಪ್ಪದ ಮುಂದೆ ಬಂದ ತಾರೀಕು, ಹೊರಟ ತಾರೀಕು ಎರಡನ್ನೂ ಬರೆದು, ಶೃಂಗೇರಿಯ ವಿಳಾಸದ ಮೇಲೆ ಮೇಣ ಉಜ್ಜಿ, ಮಧ್ಯಾಹ್ನ ಚೀಲ ಕಟ್ಟುವ ಮೊದಲು ಅಂಚೆ ಕಚೇರಿಗೆ ಕೊಟ್ಟು ಬಂದೆ.