ಎಐ ಕೈಗೆ ಟೂಲ್ ಕೊಟ್ಟರೆ ಸಾಲದು, ಬಿಡಿಸಿ ಹೇಳಬೇಕು

"ಈ ತಿಂಗಳು ಕರೆಂಟ್ ಬಿಲ್ ಎಷ್ಟು ಬಂದಿದೆ, ನೋಡಿ ಹೇಳು." ಜಯನಗರದಲ್ಲಿರುವ ಒಬ್ಬರು ಎಐ ಏಜೆಂಟಿಗೆ, ಅಂದರೆ ನಮ್ಮ ಪರವಾಗಿ ಕೆಲಸ ಮಾಡಿಕೊಡುವ ಎಐ ಪ್ರೋಗ್ರಾಂಗೆ, ಹೀಗೆ ಕೇಳುತ್ತಾರೆ ಅಂದುಕೊಳ್ಳಿ. ಅದು ಬಿಲ್ ನೋಡುವುದಾದರೂ ಹೇಗೆ?

ಏಜೆಂಟಿನ ಒಳಗಿರುವ ಭಾಷಾ ಮಾಡೆಲ್ ತಾನಾಗಿ ಯಾವ ವೆಬ್‌ಸೈಟಿಗೂ ಹೋಗುವುದಿಲ್ಲ. ಓದುವುದು, ಬರೆಯುವುದು, ಇಷ್ಟೇ ಅದರ ಕೆಲಸ. ಹಾಗಾಗಿ ಅದರ ಮುಂದೆ ಟೂಲ್‌ಗಳ, ಅಂದರೆ ಒಂದೊಂದು ಕೆಲಸ ಮಾಡಿಕೊಡುವ ಚಿಕ್ಕ ಪ್ರೋಗ್ರಾಂಗಳ, ಪಟ್ಟಿಯೊಂದನ್ನು ಇಡುತ್ತಾರೆ. ಒಂದೊಂದು ಟೂಲಿಗೂ ಒಂದು ಹೆಸರು, ಒಂದು ವಿವರಣೆ, ಯಾವ ಯಾವ ಮಾಹಿತಿ ತುಂಬಬೇಕು ಅನ್ನುವ ಪಟ್ಟಿ. ಮಾಡೆಲ್ ಇದನ್ನು ಓದಿ, "ಈ ಟೂಲ್ ಓಡಿಸಿ, ಈ ನಂಬರ್ ಹಾಕಿ" ಅಂತ ಜೇಸನ್ (ಪ್ರೋಗ್ರಾಂಗಳು ಸುಲಭವಾಗಿ ಓದುವಂಥ ಪಠ್ಯದ ಅಚ್ಚುಕಟ್ಟು) ರೂಪದಲ್ಲಿ ಕೋರಿಕೆ ಬರೆಯುತ್ತದೆ. ಓಡಿಸುವುದು ಹೊರಗಿರುವ ಮಾಮೂಲಿ ಪ್ರೋಗ್ರಾಂ. ಬಂದ ಉತ್ತರ ಮತ್ತೆ ಪಠ್ಯವಾಗಿ ಮಾಡೆಲ್ ಹತ್ತಿರ ಬರುತ್ತದೆ.

2023ರ ಜೂನ್‌ನಲ್ಲಿ ಚಾಟ್‌ಜಿಪಿಟಿಯ ಕಂಪನಿ ಓಪನ್‌ಎಐ 'ಫಂಕ್ಷನ್ ಕಾಲಿಂಗ್' ಅನ್ನುವ ಹೆಸರಿನಲ್ಲಿ ಇದನ್ನು ಹೊರತಂದ ಮೇಲೆ ಈ ವಿಧಾನ ಎಲ್ಲ ಕಡೆ ಹಬ್ಬಿತು. 2024ರ ನವೆಂಬರ್‌ನಲ್ಲಿ ಇನ್ನೊಂದು ಎಐ ಕಂಪನಿ ಆಂತ್ರೋಪಿಕ್, ಟೂಲ್‌ಗಳನ್ನು ಏಜೆಂಟ್‌ಗಳಿಗೆ ಜೋಡಿಸುವ 'ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್' ಅನ್ನುವ ಸಾಮಾನ್ಯ ನಿಯಮಾವಳಿಯನ್ನು ಪ್ರಕಟಿಸಿತು. ಯಾರೋ ಬರೆದ ಟೂಲನ್ನು ಇನ್ಯಾರದೋ ಏಜೆಂಟ್ ಬಳಸುವುದು ಈಗ ಸುಲಭ. ಅಂದರೆ ಟೂಲ್ ಬರೆದವರಿಗೂ ಅದನ್ನು ಬಳಸುವ ಮಾಡೆಲ್‌ಗೂ ನಡುವೆ ಇರುವುದು ಆ ನಾಲ್ಕು ಸಾಲಿನ ವಿವರಣೆ ಮಾತ್ರ. ಪ್ರೋಗ್ರಾಮರ್ ಆದರೆ ಅನುಮಾನ ಬಂದಾಗ ಕೋಡ್ ತೆರೆದು ನೋಡುತ್ತಾನೆ. ಮಾಡೆಲ್‌ಗೆ ಸಾಮಾನ್ಯವಾಗಿ ಆ ಕೋಡ್ ಕಾಣುವುದೇ ಇಲ್ಲ.

ನಮ್ಮ ಬಿಲ್ ಟೂಲಿಗೆ "ಬಿಲ್ ಮಾಹಿತಿ ಕೊಡುತ್ತದೆ. ಬೇಕಾದದ್ದು: ನಂಬರ್" ಅಂತ ಬರೆದಿದ್ದಾರೆ ಅನ್ನಿ. ಬರೆದವರಿಗೆ ಇದು ಸಾಕು, ಯಾಕೆಂದರೆ ಮಿಕ್ಕಿದ್ದೆಲ್ಲ ಅವರ ತಲೆಯಲ್ಲಿದೆ. ಆದರೆ ಯಾವ ನಂಬರ್? ಬೆಸ್ಕಾಂ ಬಿಲ್‌ನಲ್ಲಿ ಆರ್‌ಆರ್ ನಂಬರ್ ಒಂದಿದೆ, 10 ಅಂಕಿಯ ಅಕೌಂಟ್ ಐಡಿ ಬೇರೆ ಇದೆ. ಮೊಬೈಲ್ ನಂಬರ್‌ಗೂ 10 ಅಂಕಿಯೇ. ಜಲಮಂಡಳಿಯ ನೀರಿನ ಬಿಲ್‌ನಲ್ಲೂ ಆರ್‌ಆರ್ ನಂಬರ್ ಇರುತ್ತದೆ! ಮಾತಿನ ಮಧ್ಯೆ ಬಳಕೆದಾರರು ಮೊಬೈಲ್ ನಂಬರ್ ಹೇಳಿದ್ದರೆ ಮಾಡೆಲ್ ಅದನ್ನೇ ತುಂಬಿಬಿಡಬಹುದು. ಅಂಕಿಗಳ ಲೆಕ್ಕವೂ ಸರಿಹೋಗುತ್ತದೆ, ಅಲ್ವಾ?

ಅದೇ ಟೂಲಿಗೆ ನಾನಾದರೆ ಹೀಗೆ ಬರೆಯುತ್ತೇನೆ:

"ಬೆಸ್ಕಾಂ ಗ್ರಾಹಕರ ಇತ್ತೀಚಿನ ವಿದ್ಯುತ್ ಬಿಲ್ ತೋರಿಸುತ್ತದೆ. ಬಳಕೆದಾರರು ಕರೆಂಟ್ ಬಿಲ್, ಲೈಟ್ ಬಿಲ್ ಅಂದಾಗ ಬಳಸು. ನೀರಿನ ಬಿಲ್‌ಗೆ ಬಳಸಬೇಡ. ಹೆಸ್ಕಾಂ, ಮೆಸ್ಕಾಂ ಬಿಲ್‌ಗಳು ಇದರಲ್ಲಿ ಸಿಗುವುದಿಲ್ಲ. ಬಿಲ್ ತೋರಿಸುತ್ತದೆ ಅಷ್ಟೆ, ಹಣ ಕಟ್ಟುವುದಿಲ್ಲ. ಅಕೌಂಟ್ ಐಡಿ: ಬಿಲ್‌ನಲ್ಲಿ ಅಚ್ಚಾಗಿರುವ 10 ಅಂಕಿಯ ಸಂಖ್ಯೆ. ಆರ್‌ಆರ್ ನಂಬರ್ ಅಲ್ಲ, ಮೊಬೈಲ್ ನಂಬರ್ ಅಲ್ಲ. ಗೊತ್ತಿಲ್ಲದಿದ್ದರೆ ಊಹಿಸಬೇಡ, ಬಳಕೆದಾರರನ್ನು ಕೇಳು."

ಇದರಲ್ಲಿ ಅರ್ಧದಷ್ಟು 'ಬೇಡ', 'ಅಲ್ಲ', 'ಇಲ್ಲ'ಗಳೇ. ನನ್ನ ಪ್ರಕಾರ ಅವೇ ತುಂಬಾ ಮುಖ್ಯ. ಟೂಲ್ ಏನು ಮಾಡುತ್ತದೆ ಅಂತ ಎಲ್ಲರೂ ಬರೆಯುತ್ತಾರೆ. ಯಾವಾಗ ಅದರ ತಂಟೆಗೆ ಹೋಗಬಾರದು ಅಂತ ಬರೆಯುವವರು ಕಡಿಮೆ. ಹತ್ತಾರು ಟೂಲ್‌ಗಳು ಒಟ್ಟಿಗಿದ್ದಾಗ ಮಾಡೆಲ್ ಎಡವುವುದು ಈ ಗಡಿಗಳಲ್ಲೇ. 'ಊಹಿಸಬೇಡ, ಕೇಳು' ಅನ್ನುವ ಕೊನೆಯ ಮಾತೂ ಅಷ್ಟೇ ಬೇಕು. ಖಾಲಿ ಜಾಗ ಕಂಡರೆ ಸರಿ ಅನ್ನಿಸುವಂಥ ಏನನ್ನಾದರೂ ತುಂಬುವುದು ಮಾಡೆಲ್‌ಗಳ ಸ್ವಭಾವ.

ಊರಿನ ಹೆಸರುಗಳದ್ದು ಇನ್ನೊಂದು ಫಜೀತಿ. ಬೆಂಗಳೂರಿನಲ್ಲಿ ಕೆಂಪೇಗೌಡರ ಹೆಸರು ಮೆಜೆಸ್ಟಿಕ್ಕಿನ ಬಸ್ ನಿಲ್ದಾಣಕ್ಕೂ ಇದೆ, ಅಲ್ಲಿಯ ಮೆಟ್ರೋ ನಿಲ್ದಾಣಕ್ಕೂ ಇದೆ, ಸುಮಾರು 35 ಕಿಲೋಮೀಟರ್ ದೂರದ ದೇವನಹಳ್ಳಿ ವಿಮಾನ ನಿಲ್ದಾಣಕ್ಕೂ ಇದೆ. 4ನೇ ಬ್ಲಾಕ್ ಅಂದರೆ ಜಯನಗರದ್ದೋ, ಕೋರಮಂಗಲದ್ದೋ, ರಾಜಾಜಿನಗರದ್ದೋ? ಬಸ್ ಹುಡುಕುವ ಟೂಲಿನಲ್ಲಿ 'ನಿಲ್ದಾಣ' ಅಂತ ಸುಮ್ನೆ ಒಂದು ಖಾಲಿ ಜಾಗ ಬಿಟ್ಟರೆ ಆಗದು. ಬಡಾವಣೆಯ ಹೆಸರೂ ಸೇರಿರಬೇಕು ಅಂತ ಹೇಳಬೇಕು, ಒಂದು ಉದಾಹರಣೆಯನ್ನೂ ಕೊಡಬೇಕು. ದಿನಾಂಕವೂ ಹಾಗೇ. 03/04 ಅಂದರೆ ನಮಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4. 'ನಾಳೆ' ಅಂದರೆ ಯಾವ ದಿನ ಅಂತ ತಿಳಿಯಲು ಮಾಡೆಲ್‌ಗೆ ಇವತ್ತಿನ ತಾರೀಖನ್ನೇ ಯಾರಾದರೂ ಹೇಳಿರಬೇಕು.

ಹಾಗಂತ ಪುಟಗಟ್ಟಲೆ ಬರೆಯುವುದೂ ತಪ್ಪು. ಟೂಲ್‌ಗಳ ವಿವರಣೆ ಸಾಮಾನ್ಯವಾಗಿ ಸಂಭಾಷಣೆಯ ಜೊತೆಗೇ ಮಾಡೆಲ್ ಮುಂದೆ ಹೋಗುತ್ತದೆ, ಟೋಕನ್ (ಮಾಡೆಲ್ ಓದುವ ಪಠ್ಯದ ತುಣುಕು) ತಿನ್ನುತ್ತದೆ, ಖರ್ಚೂ ಹೆಚ್ಚಿಸುತ್ತದೆ. ಮಾಡೆಲ್ ಮಾಡಬಹುದಾದ ಯಾವ ತಪ್ಪನ್ನೂ ತಡೆಯದ ವಾಕ್ಯವನ್ನು ಕಿತ್ತುಹಾಕಬಹುದು.

ಹಣ ಕಟ್ಟುವ ಟೂಲ್ ಮಾತ್ರ ಬೇರೆಯೇ ವಿಷಯ. "ಬಳಕೆದಾರರು ಒಪ್ಪಿದ ಮೇಲಷ್ಟೇ ಬಳಸು" ಅಂತ ಅದರ ವಿವರಣೆಯಲ್ಲಿ ಬರೆಯಲೇಬೇಕು, ಆದರೆ ಅದನ್ನೇ ನಂಬಿ ಕೂರಬಾರದು. ವಿವರಣೆ ಅನ್ನೋದು ಸಲಹೆ, ಬೀಗವಲ್ಲ. ಒಪ್ಪಿಗೆ ಸಿಕ್ಕಿದೆಯೋ ಇಲ್ಲವೋ ಅಂತ ಹೊರಗಿನ ಪ್ರೋಗ್ರಾಂ ತಾನೇ ಪರೀಕ್ಷಿಸಬೇಕು. ಜನರ ದುಡ್ಡಿನ ವಿಚಾರದಲ್ಲಿ ಇದರಲ್ಲಿ ರಾಜಿ ಇಲ್ಲ.

ಟೂಲ್ ವಾಪಸ್ ಕಳಿಸುವ ಎರರ್ ಸಂದೇಶವೂ ವಿವರಣೆಯ ಮುಂದುವರಿದ ಭಾಗವೇ. "ಎರರ್ 400" ಅಂದರೆ ಮಾಡೆಲ್ ಅದೇ ತಪ್ಪನ್ನು ಮತ್ತೆ ಮಾಡಬಹುದು. "ಅಕೌಂಟ್ ಐಡಿಯಲ್ಲಿ 10 ಅಂಕಿ ಇರಬೇಕು, 9 ಬಂದಿದೆ, ಬಳಕೆದಾರರನ್ನು ಕೇಳು" ಅಂದರೆ ಮುಂದಿನ ಹೆಜ್ಜೆ ಗೊತ್ತಾಗುತ್ತದೆ. ಬರೆದದ್ದು ಸರಿಯಿದೆಯೇ ಅಂತ ತಿಳಿಯಲು ಜನ ನಿಜವಾಗಿ ಆಡುವ ಮಾತುಗಳನ್ನೇ ಕೊಟ್ಟು ನೋಡಬೇಕು: "ಲಾಸ್ಟ್ ಮಂತ್‌ದು ಬಿಲ್ ಎಷ್ಟಿತ್ತು?", "ನೀರಿಂದು ಕಟ್ಟಿದೀನಾ?" ಇದರಲ್ಲಿ ಮೊದಲನೆಯದು ಕರೆಂಟಿನದೋ ನೀರಿನದೋ ಗೊತ್ತಾಗುವುದಿಲ್ಲ. ಮಾಡೆಲ್ ನೇರವಾಗಿ ಟೂಲ್ ಓಡಿಸಿತೋ, "ಯಾವ ಬಿಲ್?" ಅಂತ ತಿರುಗಿ ಕೇಳಿತೋ ಅಂತ ಲಾಗ್‌ನಲ್ಲಿ (ನಡೆದದ್ದರ ದಾಖಲೆಯಲ್ಲಿ) ನೋಡಿ, ವಿವರಣೆ ತಿದ್ದಿ, ಮತ್ತೆ ಓಡಿಸಬೇಕು.